ಉದರದ ಸಿಸ್ಟ್‌ಗೆ ತವರು ಯಾವುದು? – ಚಿತ್ರಣ ತಂತ್ರಗಳ ಒಂದು ವಿಮರ್ಶೆ

ವೈದ್ಯಕೀಯ ಚಿತ್ರಣದ ಬಗ್ಗೆ ಶಾಲಾ ಪಾಠಗಳಲ್ಲಿ, ವಿಜ್ಞಾನ ವಸ್ತುಪ್ರದರ್ಶನಗಳ ಫಲಕಗಳಲ್ಲಿ ಮತ್ತು ಜನಪ್ರಿಯ ಲೇಖನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಈ ಉಪಕರಣಗಳು ದೇಹವನ್ನು ಕೊಯ್ಯದೆಯೇ ಒಳಗಿರುವುದನ್ನು 'ನೋಡುತ್ತವೆ'. ಮಾತು ಆಕರ್ಷಕವಾಗಿದೆ, ಆದರೆ ಪೂರ್ಣ ಸತ್ಯವಲ್ಲ. ಈ ಅರ್ಧಸತ್ಯ ಎಲ್ಲಿ ತೊಡಕನ್ನು ಉಂಟುಮಾಡುತ್ತದೆ ಎಂಬುದನ್ನು ತಿಳಿಯಲು ಉದರದ ಸಿಸ್ಟ್‌ಗಳಷ್ಟು ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ.

ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ. ಉದರದೊಳಗೆ ಇಂಥದೊಂದು ಚೀಲವಿದ್ದರೆ ಸ್ಕ್ಯಾನ್‌ನಲ್ಲಿ ಅದು ಬಹುತೇಕ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ವೈದ್ಯರಿಗೆ ಬೇಕಾಗಿರುವ ಮುಖ್ಯ ಉತ್ತರ ಬೇರೆ. ಅದು ಹುಟ್ಟಿದ್ದು ಎಲ್ಲಿ? ಯಕೃತ್ತಿನಲ್ಲೋ, ಮೂತ್ರಪಿಂಡದಲ್ಲೋ, ಮೇದೋಜೀರಕ ಗ್ರಂಥಿಯಲ್ಲೋ, ಅಂಡಾಶಯದಲ್ಲೋ ಅಥವಾ ಕರುಳನ್ನು ಬೆನ್ನಿನ ಗೋಡೆಗೆ ತೂಗುಹಾಕಿರುವ ಪೊರೆಯಲ್ಲೋ? ಹೀಗೆ ಸಿಸ್ಟ್ ಹುಟ್ಟಿದ ಅಂಗವನ್ನು ಇಲ್ಲಿ 'ತವರು ಅಂಗ' ಎಂದು ಕರೆಯೋಣ.

ಚಿಕಿತ್ಸೆ ನಿಂತಿರುವುದು ಈ ಉತ್ತರದ ಮೇಲೆ. ಮೂತ್ರಪಿಂಡದ ಸರಳ ಸಿಸ್ಟ್ ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ಅದನ್ನು ಮುಟ್ಟಬೇಕಾಗಿಲ್ಲ. ಅಂಡಾಶಯದ ಸಿಸ್ಟ್ ಆದರೆ ಹೆಣ್ಣುಮಗಳ ವಯಸ್ಸು, ಮುಂದೆ ಮಕ್ಕಳಾಗಬೇಕೆಂಬ ಆಸೆ, ಕ್ಯಾನ್ಸರಿನ ಸಾಧ್ಯತೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನಾಯಿಯಿಂದ ಹರಡುವ ಒಂದು ಲಾಡಿಹುಳುವಿನ ಮರಿ ಯಕೃತ್ತಿನಲ್ಲಿ ಕಟ್ಟುವ ಹೈಡಾಟಿಡ್ ಸಿಸ್ಟ್ ಆದರೆ, ಸಿದ್ಧತೆಯಿಲ್ಲದೆ ಸೂಜಿ ಚುಚ್ಚಿದಾಗ ದ್ರವ ಸೋರಿ ಜೀವಕ್ಕೇ ಅಪಾಯವಾದೀತು. ಯಾವ ತಜ್ಞರು ಶಸ್ತ್ರಕ್ರಿಯೆ ನಡೆಸಬೇಕು, ಎಲ್ಲಿ ಕೊಯ್ಯಬೇಕು, ಕೊಯ್ಯಲೇಬೇಕೇ ಎಂಬುದೆಲ್ಲ ತವರನ್ನು ಅವಲಂಬಿಸಿದೆ.

ಈ ಲೇಖನದ ವಾದ ಇಷ್ಟೆ: ಚಿತ್ರಣವು ಚೀಲವನ್ನು ತೋರಿಸುತ್ತದೆ. ತವರು ಅಂಗವು ಚಿತ್ರದಲ್ಲಿ ಕಾಣುವ ವಸ್ತುವಲ್ಲ. ಚಿತ್ರದಿಂದ ತರ್ಕಿಸಿ ಪಡೆಯಬೇಕಾದ ತೀರ್ಮಾನ. ಈ ವ್ಯತ್ಯಾಸವನ್ನು ಮರೆತಾಗ ಒಳ್ಳೆಯ ಯಂತ್ರದಿಂದಲೂ ತಪ್ಪು ಉತ್ತರ ಬರುತ್ತದೆ.

ಗ್ಲಾಸ್ಗೋ ನಗರದ ಪಾಠ

ಶ್ರವಣಾತೀತ ಧ್ವನಿ ಚಿತ್ರಣದ ಇತಿಹಾಸ ಹೆಚ್ಚಿನವರಿಗೆ ಗರ್ಭಸ್ಥ ಶಿಶುವಿನ ಚಿತ್ರದಿಂದ ಪರಿಚಿತ. ಆದರೆ ಈ ಕ್ಷೇತ್ರಕ್ಕೆ ದಾರಿ ಮಾಡಿಕೊಟ್ಟ ಪ್ರಸಿದ್ಧ ಸಂಶೋಧನಾ ಪ್ರಬಂಧದ ಶೀರ್ಷಿಕೆಯಲ್ಲಿ ಶಿಶುವಿನ ಹೆಸರಿಲ್ಲ. ಉದರದ ಗಂಟುಗಳ ಹೆಸರಿದೆ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ವೈದ್ಯ ಜಾನ್ ಮೆಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ 1958ರ ಜೂನ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಇದಕ್ಕೆ ಮೊದಲು, 1955ರಲ್ಲಿ, ಡೊನಾಲ್ಡ್ ಶಸ್ತ್ರಕ್ರಿಯೆಯಲ್ಲಿ ತೆಗೆದ ಗಂಟುಗಳನ್ನು ಬಾಯ್ಲರ್ ತಯಾರಿಸುವ ಕಾರ್ಖಾನೆಗೆ ಒಯ್ದು, ಲೋಹದ ಬೆಸುಗೆಯಲ್ಲಿನ ಬಿರುಕು ಹುಡುಕುವ ಉಪಕರಣದಿಂದ ಪರೀಕ್ಷಿಸಿದ್ದರು. ದ್ರವದ ಚೀಲ ಮೌನವಾಗಿತ್ತು. ಅದರ ಆಚೆಯ ಗೋಡೆಯಿಂದ ಮಾತ್ರ ಬಲವಾದ ಪ್ರತಿಧ್ವನಿ ಬಂದಿತು. ಗಟ್ಟಿ ಗಂಟಿನಲ್ಲಿ ಒಳಗೆಲ್ಲ ಸಣ್ಣ ಸಣ್ಣ ಪ್ರತಿಧ್ವನಿಗಳು ಎದ್ದು ಕ್ರಮೇಣ ಕ್ಷೀಣಿಸಿದವು.

ಈ ತಂಡದ ಆರಂಭದ ದಿನಗಳಲ್ಲಿ ಒಬ್ಬ ಮಹಿಳೆಯ ಹೊಟ್ಟೆ ವಿಪರೀತ ಉಬ್ಬಿತ್ತು. ಶಸ್ತ್ರಕ್ರಿಯೆಗೆ ಮೀರಿದ ಜಠರದ ಕ್ಯಾನ್ಸರ್ ಎಂದು ಭಾವಿಸಲಾಗಿತ್ತು. ಶ್ರವಣಾತೀತ ಧ್ವನಿಯ ಪರೀಕ್ಷೆ ಬೇರೊಂದು ಚಿತ್ರ ಕೊಟ್ಟಿತು: ಅದು ಗೋಡೆಯುಳ್ಳ ಒಂದು ದೊಡ್ಡ ಚೀಲ. ಶಸ್ತ್ರಕ್ರಿಯೆಯಲ್ಲಿ ಹೊರಬಂದದ್ದು ಅಂಡಾಶಯದ ಸಿಸ್ಟ್. ಮಹಿಳೆ ಬದುಕಿದಳು.

ಈ ಕಥೆಯನ್ನು ಯಂತ್ರದ ವಿಜಯವೆಂದು ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಯಂತ್ರ ಉತ್ತರಿಸಿದ ಪ್ರಶ್ನೆ ಯಾವುದೆಂಬುದನ್ನು ಗಮನಿಸಿ. ಅದು ಉತ್ತರಿಸಿದ್ದು 'ಗೋಡೆಯೊಳಗಿನ ದ್ರವವೋ, ಅಲ್ಲವೋ' ಎಂಬ ಪ್ರಶ್ನೆಗೆ. 'ಯಾವ ಅಂಗದ್ದು' ಎಂಬುದನ್ನು ಖಚಿತಗೊಳಿಸಿದ್ದು ಶಸ್ತ್ರಕ್ರಿಯೆ. ಎರಡು ಪ್ರಶ್ನೆಗಳು, ಎರಡು ಉತ್ತರಗಳು. ಇವನ್ನು ಒಂದೇ ಎಂದು ಓದುವುದೇ ನಾನು ಹೇಳುತ್ತಿರುವ ತೊಡಕಿನ ಆರಂಭ.

ಜಲೋದರವನ್ನೂ ದೊಡ್ಡ ಸಿಸ್ಟನ್ನೂ ಬೇರ್ಪಡಿಸಲು ಯಂತ್ರಕ್ಕಿಂತ ಹಳೆಯ ಒಂದು ವಿಧಾನವಿದೆ. ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ಧ್ವನಿ ಕೇಳುವುದು. ಜಲೋದರದಲ್ಲಿ ದ್ರವ ಸ್ವತಂತ್ರವಾಗಿರುತ್ತದೆ. ಗಾಳಿ ತುಂಬಿದ ಕರುಳು ಅದರ ಮೇಲೆ ತೇಲುತ್ತದೆ. ರೋಗಿ ಅಂಗಾತ ಮಲಗಿದಾಗ ನಡುವೆ ಟೊಳ್ಳು ಶಬ್ದ, ಪಕ್ಕಗಳಲ್ಲಿ ಮಂದ ಶಬ್ದ. ದೊಡ್ಡ ಸಿಸ್ಟ್‌ನಲ್ಲಿ ಇದು ತಿರುಗುಮುರುಗು: ಚೀಲ ಕರುಳನ್ನು ಪಕ್ಕಕ್ಕೆ ತಳ್ಳುವುದರಿಂದ ನಡುವೆ ಮಂದ, ಪಕ್ಕಗಳಲ್ಲಿ ಟೊಳ್ಳು. ಆರ್ಕಿಮಿಡೀಸ್ ತತ್ತ್ವವನ್ನು ಹಾಸಿಗೆಯ ಪಕ್ಕದಲ್ಲೇ ಬಳಸಿದಂತಾಯಿತು.

ಉಪಕರಣ ಅಳೆಯುವುದು ಏನನ್ನು?

ಯಾವ ಚಿತ್ರಣ ಉಪಕರಣವೂ ಅಂಗವನ್ನು ಅಳೆಯುವುದಿಲ್ಲ. ಅದು ಒಂದು ಭೌತ ರಾಶಿಯನ್ನು ಅಳೆಯುತ್ತದೆ.

ಶ್ರವಣಾತೀತ ಧ್ವನಿಯನ್ನು ತೆಗೆದುಕೊಳ್ಳಿ. ಊತಕದ ಸಾಂದ್ರತೆ ಬದಲಾದಲ್ಲಿ ತರಂಗ ಪ್ರತಿಫಲಿಸುತ್ತದೆ ಎಂದು ಸಾಮಾನ್ಯವಾಗಿ ಪಾಠ ಮಾಡುತ್ತೇವೆ. ಇದನ್ನು ತಿದ್ದಬೇಕು. ಪ್ರತಿಫಲನವನ್ನು ನಿರ್ಧರಿಸುವುದು ಸಾಂದ್ರತೆ ಮತ್ತು ಧ್ವನಿವೇಗಗಳ ಗುಣಲಬ್ಧ, ಅಂದರೆ ಧ್ವನಿ ಪ್ರತಿಬಾಧೆ. ಎಸ್.ಐ. ಮಾನದ 10 ಲಕ್ಷದ ಲೆಕ್ಕದಲ್ಲಿ ಇದು ಯಕೃತ್ತಿಗೆ ಸುಮಾರು 1.65, ಮೂತ್ರಪಿಂಡಕ್ಕೆ 1.62, ನೀರಿಗೆ 1.48, ಕೊಬ್ಬಿಗೆ 1.38. ಎರಡು ಮಾಧ್ಯಮಗಳ ಪ್ರತಿಬಾಧೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ ಪ್ರತಿಫಲಿತ ತೀವ್ರತೆಯ ಅಂಶ ಸಿಗುತ್ತದೆ. ಯಕೃತ್ತು ಮತ್ತು ನೀರಿನಂಥ ದ್ರವದ ಗಡಿಯಲ್ಲಿ ಇದು 1000ಕ್ಕೆ ಸುಮಾರು 3. ಯಕೃತ್ತು ಮತ್ತು ಮೂತ್ರಪಿಂಡ ನೇರವಾಗಿ ತಾಗಿದ್ದರೆ 10,000ಕ್ಕೆ 1ಕ್ಕಿಂತಲೂ ಕಡಿಮೆ! ಇವೆರಡರ ನಡುವಣ ಗಡಿ ಚಿತ್ರದಲ್ಲಿ ಕಾಣುವುದಕ್ಕೆ ಮುಖ್ಯ ಕಾರಣ ನಡುವೆ ಇರುವ ಕೊಬ್ಬು ಮತ್ತು ಪೊರೆಗಳ ಪದರ. ಸಿ.ಟಿ. ಚಿತ್ರದಲ್ಲಿಯೂ ಅಂಗಗಳನ್ನು ಬಿಡಿಸಿ ತೋರಿಸುವ ಗೆರೆ ಕೊಬ್ಬಿನದೇ. ತೀರ ತೆಳ್ಳಗಿರುವವರಲ್ಲಿ ಮತ್ತು ಮಕ್ಕಳಲ್ಲಿ ಈ ಗೆರೆ ಕ್ಷೀಣ. ಅಲ್ಲಿ ತವರನ್ನು ಗುರುತಿಸುವುದೂ ಕಷ್ಟ.

ಇನ್ನು ಸಿಸ್ಟ್‌ನ ಹಿಂದೆ ಕಾಣುವ ಹೊಳಪು. ಮೃದು ಊತಕದಲ್ಲಿ ತರಂಗದ ಕ್ಷೀಣತೆ ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು 0.5 ಡೆಸಿಬೆಲ್. 3 ಮೆಗಾಹರ್ಟ್ಸ್ ತರಂಗವು 5 ಸೆಂ.ಮೀ. ಊತಕವನ್ನು ದಾಟಿ ಮರಳಿದರೆ 15 ಡೆಸಿಬೆಲ್ ನಷ್ಟ. ಅದೇ 5 ಸೆಂ.ಮೀ. ನೀರಿನಂಥ ದ್ರವವಾದರೆ ನಷ್ಟ ನಗಣ್ಯ. ಯಂತ್ರವು ಎಲ್ಲೆಡೆ ಊತಕವೇ ಇದೆಯೆಂದು ಎಣಿಸಿ ಆಳದ ಸಂಕೇತಗಳನ್ನು ವರ್ಧಿಸುತ್ತದೆ. ಹಾಗಾಗಿ ಸಿಸ್ಟ್‌ನ ಹಿಂದಿನ ಭಾಗ ತೀವ್ರತೆಯಲ್ಲಿ ಸುಮಾರು 30 ಪಟ್ಟು ಅಧಿಕವಾಗಿ ಹೊಳೆಯುತ್ತದೆ. ಇದು ಯಂತ್ರದ ಊಹೆ ತಪ್ಪಿದುದರ ಫಲ. ಆದರೂ 'ಇಲ್ಲಿ ದ್ರವವಿದೆ' ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ. ಆದರೆ ಇದೇ ಹೊಳಪು ತುಂಬಿದ ಮೂತ್ರಕೋಶದ ಹಿಂದೆಯೂ ಬರುತ್ತದೆ, ಹರಿವು ಕಟ್ಟಿ ಊದಿದ ಮೂತ್ರಪಿಂಡದ ಹಿಂದೆಯೂ ಬರುತ್ತದೆ. ಒಳಗಿರುವುದು ಏನೆಂದು ಅದು ಹೇಳುತ್ತದೆ. ಯಾರ ಮನೆಯದೆಂದು ಹೇಳುವುದಿಲ್ಲ.

ಸಿ.ಟಿ.ಯ ಕಥೆಯೂ ಇದೇ. 1971ರಲ್ಲಿ ಮೊದಲ ರೋಗಿಯ ಸಿ.ಟಿ. ಚಿತ್ರ ತೆಗೆದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರಿನ ಮಾನದಲ್ಲಿ ನೀರು ಸೊನ್ನೆ, ಗಾಳಿ ಋಣ 1000. ಈ ಮಾನದ 10 ಅಂಶ ಎಂದರೆ ಕ್ಷ-ಕಿರಣ ಕ್ಷೀಣತೆಯಲ್ಲಿ ನೀರಿಗಿಂತ ಶೇಕಡ 1ರಷ್ಟು ವ್ಯತ್ಯಾಸ. ಸರಳ ಸಿಸ್ಟ್‌ನ ಮೌಲ್ಯ ಸಾಮಾನ್ಯವಾಗಿ 0ರಿಂದ 20ರೊಳಗೆ ಇರುತ್ತದೆ, ಅದು ಯಕೃತ್ತಿನದಾಗಲಿ ಅಂಡಾಶಯದ್ದಾಗಲಿ. ಎಂ.ಆರ್.ಐ.ನಲ್ಲಿ ಕೆಲವು ವಿಧದ ಚಿತ್ರಗಳಲ್ಲಿ ನೀರಿನಂಥ ದ್ರವವೆಲ್ಲ ಬೆಳ್ಳಗೆ ಹೊಳೆಯುತ್ತದೆ. ಅಲ್ಲಿಯೂ ಬಿಳುಪು ದ್ರವದ ಗುಣವೇ ಹೊರತು ವಿಳಾಸವಲ್ಲ.

ಅಪವಾದಗಳಿಲ್ಲ ಎಂದಲ್ಲ. ಕಿಬ್ಬೊಟ್ಟೆಯ ಚೀಲದೊಳಗೆ ಕೊಬ್ಬಿನ ಮೌಲ್ಯ, ಅಂದರೆ ಸುಮಾರು ಋಣ 100, ಹಾಗೂ ಹಲ್ಲಿನಂಥ ಸುಣ್ಣದ ತುಣುಕು ಸಿಕ್ಕರೆ ಅಂಡಾಶಯದ ಡರ್ಮಾಯ್ಡ್ ಸಿಸ್ಟ್ ಎಂಬ ಸಂಶಯ ಬಲವಾಗುತ್ತದೆ. ದೊಡ್ಡ ಚೀಲದೊಳಗೆ ಮರಿಚೀಲಗಳಿದ್ದರೆ ಹೈಡಾಟಿಡ್ ನೆನಪಾಗಬೇಕು. ಚೀಲದ ಗೋಡೆಯಲ್ಲಿ ಕರುಳಿನ ಗೋಡೆಯಂತೆಯೇ ಒಳಗೆ ಬಿಳಿ, ಹೊರಗೆ ಕಪ್ಪು ಪದರಗಳು ಕಂಡರೆ, ಅದು ಕರುಳಿನದೇ ಜನ್ಮಜಾತ ಜೋಡಿಚೀಲ ಆಗಿರಬಹುದು. ಇಲ್ಲೆಲ್ಲ ಮೊದಲು ತಿಳಿಯುವುದು ಜಾತಿ. ತವರು ಅದರಿಂದ ಊಹಿಸಿದ್ದು.

ದೊಡ್ಡದಾದಷ್ಟೂ ಕಷ್ಟ

ಗಾತ್ರ ಹೆಚ್ಚಿದಷ್ಟೂ ಗುರುತಿಸುವುದು ಸುಲಭ ಎಂದು ನಮ್ಮ ಸಾಮಾನ್ಯ ಬುದ್ಧಿ ಹೇಳುತ್ತದೆ. ಸಿಸ್ಟ್‌ನ ಇರವಿನ ಮಟ್ಟಿಗೆ ಇದು ನಿಜ, ತವರಿನ ಮಟ್ಟಿಗೆ ವಿಲೋಮ. ಒಂದು ಸರಳ ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ತರಗತಿಯಲ್ಲೇ ಮಾಡಬಹುದು.

ಅಂಡಾಶಯದ ಗಾತ್ರ ಸುಮಾರು 6 ಘನ ಸೆಂ.ಮೀ. ಎಂದುಕೊಳ್ಳಿ. ಅದರೊಳಗೆ ಗೋಳಾಕಾರದ ಒಂದು ಸಿಸ್ಟ್ ಬೆಳೆದು, ಅಂಗದ ಊತಕವೆಲ್ಲ ಅದರ ಮೇಲೆ ಸಮನಾದ ಪದರವಾಗಿ ಹಿಗ್ಗಿತೆಂದು ಭಾವಿಸೋಣ. ಊತಕದ ಗಾತ್ರವನ್ನು ಗೋಳದ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದರೆ ಪದರದ ದಪ್ಪ ಸಿಗುತ್ತದೆ. ಸಿಸ್ಟ್‌ನ ವ್ಯಾಸ 3 ಸೆಂ.ಮೀ. ಇದ್ದಾಗ ದಪ್ಪ ಸುಮಾರು 2 ಮಿ.ಮೀ. ವ್ಯಾಸ 6 ಸೆಂ.ಮೀ. ಆದಾಗ 0.5 ಮಿ.ಮೀ. 12 ಸೆಂ.ಮೀ. ಆದಾಗ 0.13 ಮಿ.ಮೀ. 20 ಸೆಂ.ಮೀ. ಆದಾಗ ಸುಮಾರು 0.05 ಮಿ.ಮೀ. ಈ ಕೊನೆಯ ಚೀಲದಲ್ಲಿ 4 ಲೀಟರಿಗಿಂತ ಹೆಚ್ಚು ದ್ರವವಿರುತ್ತದೆ. ಅದರ ತವರು ಅಂಗ ಕಾಗದಕ್ಕಿಂತಲೂ ತೆಳುವಾದ ಹೊದಿಕೆ!

3 ಮೆಗಾಹರ್ಟ್ಸ್ ಧ್ವನಿಯ ತರಂಗಾಂತರವೇ ಊತಕದಲ್ಲಿ ಅರ್ಧ ಮಿ.ಮೀ. ಉದರದ ಸಿ.ಟಿ. ಬೇರ್ಪಡಿಸಬಲ್ಲ ವಿವರವೂ ಒಳ್ಳೆಯ ಯಂತ್ರದಲ್ಲಿ ಸುಮಾರು ಅಷ್ಟೇ. ಅಂದರೆ ಸಿಸ್ಟ್‌ನ ವ್ಯಾಸ 6 ಸೆಂ.ಮೀ. ದಾಟುವಾಗಲೇ ತವರಿನ ಗುರುತು ಉಪಕರಣದ ಮಿತಿಯನ್ನು ಮುಟ್ಟಿರುತ್ತದೆ. ನಿಜವಾದ ಅಂಡಾಶಯ ಹೀಗೆ ಸಮನಾಗಿ ಹರಡುವುದಿಲ್ಲ. ಒಂದು ಬದಿಯಲ್ಲಿ ದಪ್ಪವಾಗಿ ಉಳಿಯುವುದೂ ಉಂಟು. ಆದ್ದರಿಂದಲೇ ಕೆಲವೊಮ್ಮೆ ಗುರುತು ಸಿಗುತ್ತದೆ. ಆದರೆ ಲೆಕ್ಕದ ದಿಕ್ಕು ಸ್ಪಷ್ಟ: ಸಿಸ್ಟ್ ಬೆಳೆದಂತೆ ಸಾಕ್ಷಿ ತೆಳುವಾಗುತ್ತದೆ.

ಯಕೃತ್ತಿನ ಗಾತ್ರ ಸುಮಾರು 1500 ಘನ ಸೆಂ.ಮೀ. ಅದು ಹೀಗೆ ಮಾಯವಾಗಲಾರದು. ಆದ್ದರಿಂದ ದೊಡ್ಡ ಅಂಗದ ಸಿಸ್ಟ್‌ಗೂ ಸಣ್ಣ ಅಂಗದ ಸಿಸ್ಟ್‌ಗೂ ಒಂದೇ ಬಗೆಯ ಪುರಾವೆ ಹುಡುಕುವುದು ಸರಿಯಲ್ಲ.

ಚಿಹ್ನೆಗಳ ತೂಕ

ವಿಕಿರಣ ತಜ್ಞರು ತವರನ್ನು ಗುರುತಿಸಲು ಕೆಲವು ಚಿಹ್ನೆಗಳನ್ನು ಬಳಸುತ್ತಾರೆ. ಪಠ್ಯಗಳಲ್ಲಿ ಇವು ಪಟ್ಟಿಯಾಗಿ ಬರುತ್ತವೆ. ಆದರೆ ಪಟ್ಟಿಯಲ್ಲಿ ಅಕ್ಕಪಕ್ಕ ಕುಳಿತ ಮಾತ್ರಕ್ಕೆ ಎಲ್ಲದರ ತೂಕ ಒಂದೇ ಆಗುವುದಿಲ್ಲ.

ಮೊದಲನೆಯದು ಕೊಕ್ಕಿನ ಚಿಹ್ನೆ. ಅಂಗದೊಳಗಿಂದ ಬೆಳೆದ ಚೀಲ ಅಂಗದ ಅಂಚನ್ನು ತನ್ನೊಂದಿಗೆ ಎಳೆದೊಯ್ಯುತ್ತದೆ. ಚಿತ್ರದಲ್ಲಿ ಅಂಚು ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಚೀಲವನ್ನು ಅಪ್ಪಿರುತ್ತದೆ. ಹೊರಗಿನಿಂದ ಒತ್ತಿದ ಚೀಲವಾದರೆ ಅಂಚು ಮೊಂಡಾಗಿರುತ್ತದೆ. ನಾದಿದ ಹಿಟ್ಟಿನ ಉಂಡೆಗೆ ಹೊರಗಿನಿಂದ ಗೋಲಿ ಒತ್ತಿದಾಗಿನ ಅಂಚನ್ನೂ, ಹಿಟ್ಟಿನೊಳಗಿಂದ ಗೋಲಿ ಅರ್ಧ ಹೊರಬಂದಾಗಿನ ಅಂಚನ್ನೂ ಹೋಲಿಸಿ ನೋಡಿದರೆ ಇದು ತಿಳಿಯುತ್ತದೆ. ಭೌತಿಕ ತಳಹದಿ ಇರುವ ಒಳ್ಳೆಯ ಚಿಹ್ನೆ ಇದು. ಆದರೆ ಚೂಪಾದ ತುದಿ ಎಂದರೆ ತೆಳುವಾದ ತುದಿ. ದಪ್ಪ ಪದರಗಳಾಗಿ ತೆಗೆದ ಚಿತ್ರದಲ್ಲಿ ಅದು ಪಕ್ಕದ ದ್ರವದೊಡನೆ ಸರಾಸರಿಯಾಗಿ ಮಸುಕಾಗುತ್ತದೆ. ಒಂದೇ ಸಮತಲದ ಚಿತ್ರ ನೋಡಿ ಮೊಂಡು ಎಂದು ತೀರ್ಮಾನಿಸಬಾರದು.

ಎರಡನೆಯದು ಹುದುಗಿದ ಅಂಗದ ಚಿಹ್ನೆ. ಕರುಳು ಅಥವಾ ಅಧೋ ಮಹಾಸಿರೆಯಂಥ ಮೆತ್ತನೆಯ ಅಂಗವನ್ನು ಚೀಲ ಬರಿದೆ ತಳ್ಳಿದ್ದರೆ ಅದು ಚಂದ್ರರೇಖೆಯಾಗಿ ಚಪ್ಪಟೆಯಾಗುತ್ತದೆ. ಅದರಿಂದಲೇ ಹುಟ್ಟಿದ್ದರೆ ಚೀಲದೊಳಗೆ ಹುದುಗಿದಂತೆ ಕಾಣುತ್ತದೆ. ಕೊಕ್ಕು ಮತ್ತು ಹುದುಗುವಿಕೆ ಎರಡೂ ಸಂಪರ್ಕದ ಗಡಿಯ ಜ್ಯಾಮಿತಿಯನ್ನೇ ಓದುತ್ತವೆ. ಆದ್ದರಿಂದ ಎರಡೂ ಇವೆ ಎಂದಾಗ ಇಬ್ಬರು ಸ್ವತಂತ್ರ ಸಾಕ್ಷಿಗಳು ಸಿಕ್ಕರು ಎನ್ನಲಾಗದು. ಒಬ್ಬನೇ ಸಾಕ್ಷಿ ಎರಡು ಬಾರಿ ಮಾತಾಡಿರಬಹುದು.

ಮೂರನೆಯದು ಕಾಣೆಯಾದ ಅಂಗದ ಚಿಹ್ನೆ. ಸಣ್ಣ ಅಂಗದಿಂದ ದೊಡ್ಡ ಗಂಟು ಬೆಳೆದರೆ ಆ ಅಂಗ ಚಿತ್ರದಲ್ಲಿ ಸಿಗುವುದಿಲ್ಲ. ಮೇಲಿನ ಲೆಕ್ಕ ಇದಕ್ಕೆ ಕಾರಣ ತಿಳಿಸುತ್ತದೆ. ಆದರೆ ಒಂದು ಅಂಗ ಸಿಗದಿರುವುದು ಸಾಕ್ಷಿಯಾಗಬೇಕಾದರೆ, ಸಿಸ್ಟ್ ಇಲ್ಲದಿದ್ದರೆ ಅದು ಸಿಗುತ್ತಿತ್ತು ಎಂಬ ಭರವಸೆ ಇರಬೇಕು. ಮುಟ್ಟು ನಿಂತ ಮೇಲೆ ಅಂಡಾಶಯ ಕುಗ್ಗುತ್ತದೆ; ಆರೋಗ್ಯವಂತರಲ್ಲಿಯೂ ಅನೇಕ ವೇಳೆ ಅದು ಚಿತ್ರದಲ್ಲಿ ಸಿಗುವುದಿಲ್ಲ. ಹಾಗಾಗಿ 65 ವರ್ಷದವರಲ್ಲಿ 'ಅಂಡಾಶಯ ಕಾಣಲಿಲ್ಲ' ಎಂಬುದು ದುರ್ಬಲ ಪುರಾವೆ. ಇದರ ವಿಲೋಮ ಬಹಳ ಬಲವಾದದ್ದು: ಎರಡೂ ಅಂಡಾಶಯಗಳು ಸಿಸ್ಟ್‌ನಿಂದ ಬೇರೆಯಾಗಿ, ಸಹಜವಾಗಿ ಕಂಡರೆ ಸಿಸ್ಟ್ ಅಂಡಾಶಯದ್ದೆಂಬ ಊಹೆ ಬಹುತೇಕ ಬಿದ್ದುಹೋಗುತ್ತದೆ. ಕಂಡದ್ದು ಮತ್ತು ಕಾಣದ್ದು, ಇವೆರಡರ ತೂಕ ಸಮವಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಚೆನ್ನಾಗಿ ಕಲಿಯಬಹುದು.

ನಾಲ್ಕನೆಯದು ರಕ್ತನಾಳದ ಚಿಹ್ನೆ. ಗಂಟಿಗೆ ರಕ್ತ ಒದಗಿಸುವ ಧಮನಿಯನ್ನು ಹಿಂಬಾಲಿಸಿದರೆ ತವರು ಸಿಗುತ್ತದೆ. ಗಟ್ಟಿ ಗಂಟುಗಳಲ್ಲಿ ಇದು ಬಹಳ ಉಪಯುಕ್ತ. ಸಿಸ್ಟ್‌ಗಳಲ್ಲಿ? ಬಹುಪಾಲು ಸಿಸ್ಟ್‌ಗೆ ರಕ್ತ ಬೇಕಾಗಿರುವುದು ತೆಳು ಗೋಡೆಗೆ ಮಾತ್ರ, ದ್ರವಕ್ಕೆ ಬೇಕಾಗಿಲ್ಲ. ಧಮನಿ ದಪ್ಪವಾಗುವುದಿಲ್ಲ, ಕಾಣುವುದೂ ಕಷ್ಟ. ಗಟ್ಟಿ ಗಂಟುಗಳ ಚಿಹ್ನೆಯನ್ನು ಹಾಗೆಯೇ ಸಿಸ್ಟ್‌ಗಳಿಗೆ ಎರವಲು ತರುವುದರ ಮಿತಿ ಇದು. ಆದರೂ ಅಂಡಾಶಯದ ಸಿರೆಯನ್ನು ಹಿಂಬಾಲಿಸುವುದು ಅನೇಕ ವೇಳೆ ಫಲಕಾರಿ. ಬಲಗಡೆಯ ಸಿರೆ ಅಧೋ ಮಹಾಸಿರೆಗೂ ಎಡಗಡೆಯದು ಎಡ ಮೂತ್ರಪಿಂಡದ ಸಿರೆಗೂ ಸೇರುತ್ತದೆ. ಗೊತ್ತಿರುವ ಆ ತುದಿಯಿಂದ ಹೊರಟು ಕೆಳಗಿಳಿದಾಗ ಸಿರೆ ಸಿಸ್ಟ್‌ನ ಗೋಡೆಯಲ್ಲಿ ಕೊನೆಗೊಂಡರೆ ಅದು ಒಳ್ಳೆಯ ಪುರಾವೆ. ಇದು ಗಡಿಯ ಆಕಾರವನ್ನು ಅವಲಂಬಿಸದ ಸ್ವತಂತ್ರ ಸಾಕ್ಷಿಯೂ ಹೌದು.

ಇದ್ದಲ್ಲೇ ಹುಟ್ಟಿದ್ದಲ್ಲ

ಸಿಸ್ಟ್ ಈಗ ಇರುವ ಜಾಗವೇ ಅದು ಹುಟ್ಟಿದ ಜಾಗವೆಂದು ತಿಳಿಯುವುದು ಇನ್ನೊಂದು ಸಾಮಾನ್ಯ ಜಾರುದಾರಿ. ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ ಸೋರಿದ ರಸ ಹೆಚ್ಚಾಗಿ ಜಠರದ ಹಿಂದೆ ಶೇಖರವಾಗುತ್ತದೆ. ಸುಮಾರು 4 ವಾರಗಳಲ್ಲಿ ಅದರ ಸುತ್ತ ಗೋಡೆ ಕಟ್ಟಿಕೊಂಡು ಹುಸಿಸಿಸ್ಟ್ ಆಗುತ್ತದೆ. ಈ ರಸ ಪೊರೆಗಳ ಸಂದುಗಳಲ್ಲಿ ಹರಿದು ದೂರಕ್ಕೂ ಹೋಗಬಲ್ಲದು. ಅಪರೂಪಕ್ಕೆ ಎದೆಗೂಡಿನೊಳಗೂ ಸೇರುತ್ತದೆ. ಇಲ್ಲಿ ತವರನ್ನು ತಿಳಿಸುವುದು ಚಿತ್ರದೊಂದಿಗೆ ರೋಗಿಯ ಹಿಂದಿನ ಕಥೆ: ಕೆಲವು ವಾರಗಳ ಹಿಂದೆ ಹೊಟ್ಟೆಯಲ್ಲಿ ತೀವ್ರ ನೋವಿತ್ತೇ?

ಜಾಗದಿಂದ ತಿಳಿಯುವುದೇನೂ ಇಲ್ಲವೆಂದಲ್ಲ. ಮೂತ್ರಪಿಂಡ, ಮಹಾಪಧಮನಿ, ಅಧೋ ಮಹಾಸಿರೆಗಳು ಮುಂದಕ್ಕೆ ತಳ್ಳಲ್ಪಟ್ಟಿದ್ದರೆ ಚೀಲ ಉದರಪೊರೆಯ ಹಿಂದಿನದೆಂದು ತಿಳಿಯಬಹುದು. ಆಗ ಶಂಕಿತರ ಪಟ್ಟಿ ಅರ್ಧವಾಗುತ್ತದೆ. ಚೀಲ ಯಾವುದನ್ನು ಯಾವ ಕಡೆಗೆ ತಳ್ಳಿದೆ ಎಂಬುದು, ಚೀಲ ಎಲ್ಲಿದೆ ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ.

ಚಲನೆಯ ಸಾಕ್ಷಿ

ಸಿ.ಟಿ. ಚಿತ್ರ ತೆಗೆಯುವಾಗ ರೋಗಿ ಉಸಿರು ಹಿಡಿದಿರಬೇಕು. ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಚಲನೆಯ ಮಾಹಿತಿ ನಷ್ಟವಾಗುತ್ತದೆ. ಶ್ರವಣಾತೀತ ಧ್ವನಿಯ ದೊಡ್ಡ ಗುಣ ಅದು ಆ ಕ್ಷಣದ ಚಲನೆಯನ್ನೇ ತೋರಿಸುವುದು. ರೋಗಿ ಆಳವಾಗಿ ಉಸಿರಾಡಿದಾಗ ಯಕೃತ್ತು ಕೆಳಗಿಳಿಯುತ್ತದೆ. ಚೀಲ ಅದರೊಂದಿಗೆ ಒಂದಾಗಿ ಚಲಿಸಿದರೆ ಅದು ಯಕೃತ್ತಿಗೆ ಅಂಟಿದೆ. ಯಕೃತ್ತು ಚೀಲದ ಮೇಲೆ ಜಾರಿದರೆ ಎರಡೂ ಬೇರೆ. ಗಡಿಯ ಗೆರೆ ಕಾಣದಿದ್ದಾಗಲೂ ಸಾಪೇಕ್ಷ ಚಲನೆ ಗಡಿಯನ್ನು ಬಯಲುಮಾಡುತ್ತದೆ.

ಕರುಳಪೊರೆಯ ಸಿಸ್ಟ್‌ನ ಚಲನೆ ಇನ್ನೂ ಸ್ವಾರಸ್ಯಕರ. ಈ ಪೊರೆಯ ಬುಡ ಸುಮಾರು 15 ಸೆಂ.ಮೀ. ಉದ್ದದ ಒಂದು ಓರೆ ರೇಖೆ. ಎಡ ಮೇಲ್ಭಾಗದಿಂದ ಬಲ ಕೆಳಭಾಗಕ್ಕೆ ಹಿಂದಿನ ಗೋಡೆಯಲ್ಲಿ ಬೇರೂರಿದೆ. ಕೀಲಿಗೆ ಸಿಕ್ಕಿಸಿದ ಬಾಗಿಲು ಹೇಗೆ ಒಂದು ದಿಕ್ಕಿನಲ್ಲಿ ಮಾತ್ರ ತಿರುಗುವುದೋ ಹಾಗೆ, ಇದರಲ್ಲಿ ಹುಟ್ಟಿದ ಸಿಸ್ಟ್ ಆ ರೇಖೆಗೆ ಅಡ್ಡಲಾಗಿ ಸುಲಭವಾಗಿ ಸರಿಯುತ್ತದೆ, ರೇಖೆಯ ಉದ್ದಕ್ಕೆ ಸರಿಯುವುದಿಲ್ಲ. ಕೈಯಿಂದ ಒತ್ತಿ ತಿಳಿಯಬಹುದಾದ ಈ ಗುಣಕ್ಕೆ ಫ್ರೆಂಚ್ ಶಸ್ತ್ರವೈದ್ಯ ಟಿಲೋ ಅವರ ಹೆಸರಿದೆ. ದುಬಾರಿ ಯಂತ್ರದ ನಿಶ್ಚಲ ಚಿತ್ರದಲ್ಲಿ ಸಿಗದ ಮಾಹಿತಿ ಕೈಗೆ ಸಿಗುತ್ತದೆ.

ಇನ್ನೊಂದು ದಾರಿ ಸಂಪರ್ಕವನ್ನು ಪರೀಕ್ಷಿಸುವುದು. ಮೂತ್ರ ವಿಸರ್ಜನೆಯ ನಂತರ ಮತ್ತೆ ನೋಡಿದಾಗ 'ಸಿಸ್ಟ್' ಕುಗ್ಗಿದ್ದರೆ ಅದು ಮೂತ್ರಕೋಶವೇ! ಪಿತ್ತರಸದೊಂದಿಗೆ ಹರಿಯುವ, ಟೆಕ್ನೀಶಿಯಂ-99ಎಂ ವಿಕಿರಣಪಟು ಗುರುತುಳ್ಳ ವಸ್ತುವನ್ನು ಕೊಟ್ಟಾಗ ಚೀಲದಲ್ಲಿ ಅದು ಸಂಗ್ರಹವಾದರೆ ಚೀಲ ಪಿತ್ತನಾಳಕ್ಕೆ ತೆರೆದುಕೊಂಡಿದೆ ಎಂದು ಗೊತ್ತಾಗುತ್ತದೆ.

ತರಗತಿಯಲ್ಲಿ ಹೇಳಬೇಕಾದದ್ದು

ಚಿತ್ರಗಳನ್ನು ಓದಲು ತರಬೇತಿ ಪಡೆದ ಕಂಪ್ಯೂಟರ್ ಕ್ರಮವಿಧಿಗಳೂ ಈಗ ಬಳಕೆಗೆ ಬಂದಿವೆ. ಮನುಷ್ಯನ ಕಣ್ಣು ತಪ್ಪಿಸಿಕೊಂಡ ವಿವರವನ್ನು ಅವು ಹಿಡಿಯಬಲ್ಲವು. ಆದರೆ 0.05 ಮಿ.ಮೀ. ಪದರದ ಮಾಹಿತಿ ದತ್ತಾಂಶದಲ್ಲೇ ದಾಖಲಾಗಿಲ್ಲದಿದ್ದರೆ ಅದನ್ನು ಯಾವ ಕ್ರಮವಿಧಿಯೂ ಕಾಣಲಾರದು. ಸಂಭವನೀಯತೆಯಿಂದ ಊಹಿಸಬಲ್ಲದು ಅಷ್ಟೆ. ಅದೂ ತೀರ್ಮಾನವೇ, ದರ್ಶನವಲ್ಲ.

ಇದರಿಂದ ಚಿತ್ರಣ ತಂತ್ರಗಳ ಬೆಲೆ ಕಡಿಮೆಯಾಗುವುದಿಲ್ಲ. ಗ್ಲಾಸ್ಗೋದ ಆ ಮಹಿಳೆ ಬದುಕಿದ್ದು ಅವುಗಳಿಂದಲೇ. ನನ್ನ ಆಕ್ಷೇಪ ಯಂತ್ರದ ಮೇಲಲ್ಲ, ಯಂತ್ರದ ಬಗ್ಗೆ ನಾವು ಬಳಸುವ ಭಾಷೆಯ ಮೇಲೆ. ಎಚ್ಚರಿಕೆಯ ವಿಕಿರಣ ತಜ್ಞರು ವರದಿಯಲ್ಲಿ 'ಬಹುಶಃ ಅಂಡಾಶಯ ಮೂಲದ್ದು' ಎಂದು ಬರೆದಾಗ ರೋಗಿಯ ಮನೆಯವರು ಅದನ್ನು ಅವರ ಅಸಾಮರ್ಥ್ಯವೆಂದು ತಿಳಿಯುವುದುಂಟು. ವಾಸ್ತವದಲ್ಲಿ ಆ 'ಬಹುಶಃ' ಎಂಬ ಪದ ವರದಿಯ ಅತ್ಯಂತ ಪ್ರಾಮಾಣಿಕ ಪದ. ಭೌತಶಾಸ್ತ್ರದ ಪ್ರಯೋಗದಲ್ಲಿ ಅಳತೆಯ ಮುಂದೆ ದೋಷಮಿತಿ ಬರೆಯುವಂತೆ ಅದು.

ಅಧ್ಯಾಪಕರು ಶ್ರವಣಾತೀತ ಧ್ವನಿಯ ಅಥವಾ ಕ್ಷ-ಕಿರಣಗಳ ಪಾಠ ಮಾಡುವಾಗ 'ಯಂತ್ರ ಒಳಗನ್ನು ನೋಡುತ್ತದೆ' ಎಂದು ನಿಲ್ಲಿಸದೆ ಮೂರು ಪ್ರಶ್ನೆಗಳನ್ನು ಕೇಳಲಿ. ಯಂತ್ರ ಅಳೆದದ್ದು ಯಾವ ರಾಶಿಯನ್ನು? ಅದು ಬೇರ್ಪಡಿಸಬಲ್ಲ ಅತಿ ಸಣ್ಣ ವಿವರ ಎಷ್ಟು? ಉಳಿದದ್ದನ್ನು ಯಾವ ತರ್ಕದಿಂದ ಸೇರಿಸಿದ್ದೇವೆ? ಗೋಳದ ಮೇಲ್ಮೈ ವಿಸ್ತೀರ್ಣದ ಸೂತ್ರ ಗೊತ್ತಿರುವ ವಿದ್ಯಾರ್ಥಿ, 4 ಲೀಟರಿನ ಚೀಲದ ತವರು ಏಕೆ ಕಾಣುವುದಿಲ್ಲ ಎಂಬುದನ್ನು ತಾನೇ ಲೆಕ್ಕ ಹಾಕಬಲ್ಲ. ನಾಳೆ ತನ್ನ ಮನೆಯವರ ಸ್ಕ್ಯಾನ್ ವರದಿ ಕೈಗೆ ಬಂದಾಗ ಆ 'ಬಹುಶಃ' ಎಂಬ ಪದಕ್ಕೆ ಹೆದರದೆ, ಅದನ್ನು ಖಚಿತಗೊಳಿಸಲು ಮುಂದಿನ ಯಾವ ಪರೀಕ್ಷೆ ಬೇಕೆಂದು ವೈದ್ಯರನ್ನು ಕೇಳಬಲ್ಲ.